ಗಡಿ ಪುಟದ ಒಡತಿ

ಬೆಂಗಳೂರಿನಲ್ಲಿ ಯಾರೂ ಯಾರಿಗಾಗಿಯೂ ಕಾಯುವುದಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಅರ್ಧ ಊರು ಕಾಯುತ್ತಿರುತ್ತದೆ, ನಿಜ. ಆದರೆ ಅವರೆಲ್ಲ ಕಾಯುವುದು ಹಸಿರು ದೀಪಕ್ಕೇ ಹೊರತು ಮನುಷ್ಯರಿಗಲ್ಲ. ನಾನು ಸ್ಟಾಪಿಗೆ ಬರುವುದನ್ನು ಕನ್ನಡಿಯಲ್ಲಿ ನೋಡಿಯೇ ಹೊರಡುವ ಬಸ್ಸುಗಳ ಬಗ್ಗೆ ಬರೆಯಲು ಹೊರಟರೆ ಅದೇ ಒಂದು ಪುಸ್ತಕವಾದೀತು. ಮದುವೆಮನೆಯಲ್ಲಿ ನಾನು ಕೈತೊಳೆದು ಬರುವಷ್ಟರಲ್ಲಿ ಪಂಕ್ತಿ ತುಂಬಿರುತ್ತದೆ. ಮನೆಯಲ್ಲಾದರೂ ಅಷ್ಟೆ, ಎಲ್ಲರಿಗೂ ಬಡಿಸಿ ನಾನು ಕೂರುವ ಹೊತ್ತಿಗೆ ಹುಳಿಯಲ್ಲಿ ಹೋಳು ಉಳಿದಿರುವುದಿಲ್ಲ. ಇದನ್ನೆಲ್ಲ ದೂರು ಎಂದು ತಿಳಿಯಬಾರದು. ಇಂಥ ನನಗೂ ಒಂದು ಕಾಲ ಬಂದಿತ್ತು, ಜೆ.ಪಿ. ನಗರದ ಓದು ಬಲ್ಲ ಜನ ಒಂದು ಗುಂಪಾಗಿ ನನ್ನೊಬ್ಬಳಿಗಾಗಿ ವಾರಗಟ್ಟಲೆ ಕಾದು ಕೂತಿದ್ದರು ಎಂದು ಹೇಳುವುದಕ್ಕೆ ಇಷ್ಟು ಪೀಠಿಕೆ. ಜಂಬ ಕೊಚ್ಚಿಕೊಳ್ಳುವವರನ್ನು ಕಂಡರೆ ಆಗದವರು ಇಲ್ಲಿಗೇ ನಿಲ್ಲಿಸಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಇರುವುದೆಲ್ಲ ಅದೇ.

ನಮ್ಮದೊಂದು ಓದುಗರ ಬಳಗವಿದೆ. ಬೆಳಿಗ್ಗೆ ಸಾರಕ್ಕಿ ಕೆರೆಯ ಸುತ್ತ ನಡೆಯುವವರೇ ಸೇರಿ ಮಾಡಿಕೊಂಡದ್ದು. ಎಲ್ಲರೂ ಏಕಕಾಲಕ್ಕೆ ಒಂದೇ ಕಾದಂಬರಿ ಓದಬೇಕು, ಪ್ರತಿದಿನ ಬೆಳಿಗ್ಗೆ ತಾವು ಎಷ್ಟನೇ ಪುಟದಲ್ಲಿದ್ದೇವೆಂದು ವಾಟ್ಸಾಪಿನಲ್ಲಿ ಹಾಕಬೇಕು, ಭಾನುವಾರ ಕೆರೆಯಂಚಿನ ಕಲ್ಲುಬೆಂಚಿನಲ್ಲಿ ಕೂತು ಅಭಿಪ್ರಾಯ ಹೇಳಬೇಕು. ಗುಲಾಬಿ ಹೂವಿನ ಚಿತ್ರದ ಜೊತೆ ಶುಭೋದಯ ಹೇಳುವುದಕ್ಕೆ ಇಲ್ಲಿ ನಿಷೇಧವಿದೆ. ಬಳಗದ ಯಜಮಾನಿಕೆ ಲೀಲಾ ಮೇಡಂ ಅವರದು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಅವರ ಸಂದೇಶ ಬಂದರೆ ಈಗಲೂ ನಾನು ಕುರ್ಚಿಯಲ್ಲಿ ನೆಟ್ಟಗಾಗಿ ಕೂತು ಓದುತ್ತೇನೆ. ಇನ್ನೊಬ್ಬರು ಶ್ರೀಕಂಠ ಸಾರ್, ನಿವೃತ್ತ ಇಂಜಿನಿಯರ್. ಇವರು ಪುಸ್ತಕ ಓದುವುದು ಮಾತ್ರೆ ನುಂಗಿದ ಹಾಗೆ, ಬಾಯಿಗೆ ಹಾಕಿದ್ದು ಕಾಣುತ್ತದೆ, ಮುಗಿದದ್ದು ಗೊತ್ತಾಗುವುದಿಲ್ಲ. ನುಂಗಿದ್ದನ್ನು ಒಳಗೇ ಇಟ್ಟುಕೊಂಡಿದ್ದರೆ ಯಾರಿಗೂ ತಕರಾರಿರಲಿಲ್ಲ. ಹಿಂದಿನ ಸಲ ಒಂದು ಪತ್ತೇದಾರಿ ಕಾದಂಬರಿ ಹಿಡಿದಿದ್ದಾಗ, ನಾವೆಲ್ಲ ಇನ್ನೂ ಹೆಣದ ಗುರುತು ಹಿಡಿಯುತ್ತಿದ್ದರೆ ಇವರು ಬೆಂಚಿನ ಮೇಲೆ ಕೂರುವ ಮೊದಲೇ ಕೊಂದವನ ಹೆಸರು ಹೇಳಿಬಿಟ್ಟರು.

ಅವತ್ತೇ ಲೀಲಾ ಮೇಡಂ ಕಾನೂನು ಮಾಡಿದರು. ಎಲ್ಲರಿಗಿಂತ ಹಿಂದೆ ಯಾರಿದ್ದಾರೋ ಅವರು ತಲುಪಿದ ಪುಟವೇ ಬಳಗದ ಗಡಿ. ಗಡಿಯಾಚೆ ಏನು ನಡೆದಿದೆ ಎಂದು ಯಾರೂ ತುಟಿ ಬಿಚ್ಚುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ, 'ಮುಂದೆ ಗೊತ್ತಾಗುತ್ತೆ ಬಿಡಿ' ಎನ್ನುವುದಂತೂ ಸುತರಾಂ ಕೂಡದು. ಪ್ರತಿ ಶನಿವಾರ ಸಂಜೆ ಮೇಡಂ 'ಈ ವಾರದ ಗಡಿ' ಎಂದು ಪುಟದ ಸಂಖ್ಯೆಯನ್ನೂ ಅದರ ಮುಂದೆ ಒಂದು ಹೆಸರನ್ನೂ ಹಾಕುತ್ತಿದ್ದರು. ಹೊಸ ಕಾದಂಬರಿ ಶುರುವಾದ ಮೊದಲ ಶನಿವಾರ ಅಲ್ಲಿ ಬಂದ ಹೆಸರು 'ಸುಮಿತ್ರಾ'. ನಾನೇ.

ನಾನು ಓದುವುದು ನಿಧಾನ. ಅದನ್ನೊಂದು ದೋಷವೆಂದುಕೊಂಡೇ ಇಷ್ಟು ವರ್ಷ ಕಳೆದಿದ್ದೆ. ಕಾದಂಬರಿಯಲ್ಲಿ ಯಾರಾದರೂ ಸಾರಿಗೆ ಒಗ್ಗರಣೆ ಹಾಕಿದರೆ ನನಗೆ ಒಲೆಯ ಮೇಲಿಟ್ಟದ್ದು ನೆನಪಾಗಿ ಎದ್ದು ಹೋಗುತ್ತೇನೆ. ವಾಪಸು ಬಂದರೆ ಬಿಟ್ಟ ಸಾಲು ಸಿಗುವುದಿಲ್ಲ, ಪುಟದ ತಲೆಯಿಂದ ಮತ್ತೆ ಶುರು. ಒಬ್ಬಳು ಹಸಿರು ಸೀರೆ ಉಟ್ಟು ಬಂದಳು ಎಂದರೆ, ಅದನ್ನು ಹೋದ ಅಧ್ಯಾಯದಲ್ಲೇ ತಂಗಿಗೆ ಕೊಟ್ಟಿದ್ದಳಲ್ಲ ಎಂದು ಹಿಂದಕ್ಕೆ ಹೋಗಿ ನೋಡದೆ ನನಗೆ ಸಮಾಧಾನವಿಲ್ಲ. ಪಾತ್ರಗಳು ದಡ್ಡ ಕೆಲಸ ಮಾಡಿದರೆ ಪುಸ್ತಕ ಮಡಿಲಲ್ಲಿಟ್ಟುಕೊಂಡು ಅವರ ಜೊತೆ ಜಗಳವಾಡುತ್ತೇನೆ. ಕೆಲವರು ಕಾದಂಬರಿಗೆ ನೆಂಟರ ಹಾಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ನಾನು ಸಾಮಾನು ಸಮೇತ ಬಾಡಿಗೆಗೇ ಹೋಗಿಬಿಡುತ್ತೇನೆ.

ಆ ಕಾದಂಬರಿಯ ಹೆಸರನ್ನು ಇಲ್ಲಿ ಹೇಳುವಂತಿಲ್ಲ. ನೀವು ಅದನ್ನು ಓದುತ್ತಿದ್ದು, ಯಾವ ಪುಟದಲ್ಲಿದ್ದೀರೆಂದು ಗೊತ್ತಿಲ್ಲದೆ ನಾನು ಬಾಯಿಬಿಟ್ಟರೆ ಮೇಡಂ ಸುಮ್ಮನಿರುವುದಿಲ್ಲ. ಮೂವರು ಅಕ್ಕತಂಗಿಯರ ಕಥೆ ಎಂದಷ್ಟು ಹೇಳಬಹುದು. ಕಾಲು ಭಾಗ ಆಗುವಷ್ಟರಲ್ಲಿ ದೊಡ್ಡಕ್ಕ ತನ್ನ ಕಬ್ಬಿಣದ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗುತ್ತಾಳೆ. ಪೆಟ್ಟಿಗೆ ಮನೆಯಲ್ಲೇ ಇದೆ. ಅದರೊಳಗೆ ಏನಿದೆ, ಅವಳು ತಿರುಗಿ ಬರುತ್ತಾಳೋ ಇಲ್ಲವೋ ಎಂಬುದಕ್ಕೆ ಮಿಕ್ಕ ಪುಟಗಳೆಲ್ಲ. ಬಳಗದ ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಕೊನೆ ಮುಟ್ಟಿದರು. ನಾನು ಇನ್ನೂ ಬಸ್ಸು ನಿಲ್ದಾಣದಲ್ಲೇ ಇದ್ದೆ.

ಆಗ ಶುರುವಾಯಿತು ನನ್ನ ಸುವರ್ಣಯುಗ. ಶ್ರೀಕಂಠ ಸಾರ್ ದಿನಾ ಫೋನು ಮಾಡಿ, ಬಾಣಂತನಕ್ಕೆ ಬಂದ ಮಗಳನ್ನು ವಿಚಾರಿಸಿಕೊಳ್ಳುವವರ ಹಾಗೆ, ಎಲ್ಲಿಯವರೆಗೆ ಬಂತು ಎಂದು ಮೆಲ್ಲಗೆ ಕೇಳುವರು. ಅವರಿಗೆ ಪೆಟ್ಟಿಗೆಯ ವಿಷಯ ಮಾತಾಡಲೇಬೇಕಾಗಿತ್ತು, ಗಂಟಲಿಗೆ ಬಂದದ್ದನ್ನು ನುಂಗಿ ನುಂಗಿ ಕತ್ತು ಸಣ್ಣಗಾಗಿತ್ತು. ತಮ್ಮ ಮನೆಯ ಮರದ ನುಗ್ಗೇಕಾಯಿ, ಕರಿಬೇವು ತಂದುಕೊಟ್ಟು, ನನ್ನ ಮಾರ್ಕೆಟ್ಟಿನ ಓಡಾಟ ತಪ್ಪಿದರೆ ಒಂದಷ್ಟು ಪುಟ ಮುಂದೆ ಹೋಗಬಹುದೇನೋ ಎಂದು ಆಸೆಗಣ್ಣಿನಿಂದ ನೋಡುವರು. ಲೀಲಾ ಮೇಡಂ ತಾವೇ ರುಬ್ಬಿದ ದೋಸೆಹಿಟ್ಟು ಕಳಿಸಿದರು. ಭಾನುವಾರ ಬೆಂಚಿನ ಮೇಲೆ ನಾನು ಬಾಯಿ ತೆರೆದರೆ ಎಲ್ಲರೂ ಮುಂದಕ್ಕೆ ಬಾಗುತ್ತಿದ್ದರು. ಪೆಟ್ಟಿಗೆಯಲ್ಲಿ ಹಳೇ ಪಾತ್ರೆ ಇರಬಹುದು ಎಂದು ನಾನು ಊಹಿಸಿದರೆ ಗೊತ್ತಿದ್ದವರೆಲ್ಲ ಕೆರೆಯ ಕಡೆ ಮುಖ ತಿರುಗಿಸಿ ಕೂರಬೇಕಾಗಿತ್ತು. ಜೀವಮಾನದಲ್ಲಿ ನನ್ನ ಊಹೆಗೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು. ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಕನ್ನಡಿಯ ಮುಂದೆ ನಿಂತಾಗ ನಾನು ಸ್ವಲ್ಪ ಎತ್ತರವಾದ ಹಾಗೆ ಕಾಣುತ್ತಿದ್ದೆ.

ನಮ್ಮ ಯಜಮಾನರಿಗೆ ಇದೆಲ್ಲ ಸೋಜಿಗ. ಅವರ ಓದು ಪೇಪರಿನ ಕ್ರಿಕೆಟ್ ಪುಟದಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಓದದೇ ಇದ್ದದ್ದಕ್ಕೆ ದೋಸೆಹಿಟ್ಟು ಕೊಡುವ ಸಂಘವನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ಓದದೇ ಇರುವುದು ಬೇರೆ, ನಿಧಾನವಾಗಿ ಓದುವುದು ಬೇರೆ ಎಂದು ನಾನು ತಿಳಿಸಿ ಹೇಳಿದೆ. ಅವರು ದೋಸೆ ತಿನ್ನುತ್ತಾ ತಲೆಯಾಡಿಸಿದರು.

ಹೀಗೆ ನಡೆದಿರುವಾಗ ಬಳಗಕ್ಕೆ ಜಯಮ್ಮ ಬಂದರು. ಕೋಣನಕುಂಟೆಯ ಹಳೇ ಮನೆತನದವರು. ಒಂದು ಕಾಲಕ್ಕೆ ಇವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ನಿಂತಿದೆ. ಉಳಿದ ಜಾಗದಲ್ಲಿ ಸಾಲುಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ತಂಗಿಯ ಮನೆಗೆಂದು ಸಾರಕ್ಕಿಗೆ ಬಂದವರು ಕೆರೆಯ ಹತ್ತಿರ ನಮ್ಮ ಮಾತು ಕೇಳಿ ನಿಂತರು, ನಿಂತವರು ಕೂತರು, ಕೂತವರು ಪುಸ್ತಕ ಕೊಂಡು ಬಳಗ ಸೇರಿದರು. ನಾನು ಅವರನ್ನು ತುಂಬು ಮನಸ್ಸಿನಿಂದ ಸ್ವಾಗತಿಸಿದೆ. ಬರುವ ಅಪಾಯ ತಿಳಿದಿದ್ದರೆ ಅಷ್ಟೊಂದು ಮನಸ್ಸು ತುಂಬಿಕೊಳ್ಳುತ್ತಿರಲಿಲ್ಲ.

ಆ ಶನಿವಾರ ಸಂಜೆ ಗಡಿ ಹಿಂದಕ್ಕೆ ಸರಿಯಿತು. ಪುಟ ಇಪ್ಪತ್ತು, ಜಯಮ್ಮ. ನನ್ನ ಹೆಸರು ಹೋಗಿತ್ತು. ನಾನು ಫೋನನ್ನು ಹತ್ತಿರ ಹಿಡಿದು ನೋಡಿದೆ, ದೂರ ಹಿಡಿದು ನೋಡಿದೆ, ಹೆಸರು ಬದಲಾಗಲಿಲ್ಲ. ಮುಂದಿನ ವಾರ ಇಪ್ಪತ್ತೆಂಟು, ಜಯಮ್ಮ. ಇದು ನಿಧಾನವಲ್ಲ, ಇದೊಂದು ಸಾಧನೆ. ಸೋಮವಾರದಿಂದ ಶ್ರೀಕಂಠ ಸಾರ್ ಅವರ ಫೋನು ಬರಲಿಲ್ಲ. ನುಗ್ಗೇಕಾಯಿ ಕನಕಪುರ ರಸ್ತೆ ಹಿಡಿದು ಕೋಣನಕುಂಟೆಯ ಕಡೆ ಹೊರಟವು. ಭಾನುವಾರ ನಾನು ಮಾತಾಡುವಾಗ ಯಾರೂ ಬಾಗಲಿಲ್ಲ, ಜಯಮ್ಮ ಮಾತಾಡುವಾಗ ಬಾಗಿದರು. ನನಗೆ ಹೊಟ್ಟೆ ಉರಿಯಿತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಸುಮ್ಮನೆ ಬಿಟ್ಟುಕೊಡುವ ಜಾತಿ ನನ್ನದಲ್ಲ. ಕಾದಂಬರಿಯ ಸೂಕ್ಷ್ಮಗಳು ತಪ್ಪಿಹೋಗಿವೆ, ಆದ್ದರಿಂದ ಮೊದಲನೇ ಪುಟದಿಂದ ಮತ್ತೆ ಓದಲು ಆರಂಭಿಸಿದ್ದೇನೆ, ಸದ್ಯ ಪುಟ ಮೂರು ಎಂದು ಬಳಗಕ್ಕೆ ಬರೆದೆ. ಮರುನಿಮಿಷವೇ ಮೇಡಂ ಉತ್ತರ ಬಂತು. ಮರು ಓದು ಶ್ಲಾಘನೀಯ, ಆದರೆ ಗಡಿಯ ಲೆಕ್ಕಕ್ಕೆ ಬರುವುದಿಲ್ಲ, ಒಮ್ಮೆ ತಿಳಿದದ್ದು ತಿಳಿದ ಹಾಗೆಯೇ. ಹೈಸ್ಕೂಲಿನಲ್ಲಿ ಎಷ್ಟು ಮಕ್ಕಳ ಇಂಥ ಉಪಾಯಗಳನ್ನು ನೋಡಿದ್ದರೋ ಏನೋ.

ಅಧಿಕಾರ ಹೋದ ಮೇಲೆ ನಿಧಾನಕ್ಕೆ ಅರ್ಥವೇ ಉಳಿಯಲಿಲ್ಲ. ಸಿಟ್ಟಿನಲ್ಲಿ ಕೂತು ಒಂದೇ ಸಮನೆ ಓದಿದೆ. ಒಲೆಯ ಮೇಲಿಟ್ಟದ್ದು ಸೀದಿತು, ಏಳಲಿಲ್ಲ. ಸೀರೆಯ ಬಣ್ಣ ಬದಲಾಯಿತು, ಹಿಂದಕ್ಕೆ ಹೋಗಲಿಲ್ಲ. ಕೊನೆಯ ಪುಟ ಮುಗಿಸಿ ಪುಸ್ತಕ ಮುಚ್ಚಿದಾಗ ಕಣ್ಣಲ್ಲಿ ನೀರಿತ್ತು, ಮತ್ತು ಆ ನೀರು ಯಾತಕ್ಕೆಂದು ಈಗಲೇ ಯಾರಿಗಾದರೂ ಹೇಳದಿದ್ದರೆ ಉಸಿರು ಕಟ್ಟುತ್ತದೆ ಎನ್ನಿಸಿತು. ಯಜಮಾನರಿಗೆ ಹೇಳಿದೆ. ದೊಡ್ಡಕ್ಕ ಯಾರ ಅಕ್ಕ ಎಂದು ಅವರು ಕೇಳಿದರು. ಅಲ್ಲಿಗೆ ಬಿಟ್ಟೆ. ಬಳಗದಲ್ಲಿ ಹೇಳುವ ಹಾಗಿಲ್ಲ, ಗಡಿ ಇನ್ನೂ ಮೂವತ್ತೈದರಲ್ಲಿದೆ. ಆ ಭಾನುವಾರ ಶ್ರೀಕಂಠ ಸಾರ್ ನನ್ನ ಮುಖವನ್ನೂ ನಾನು ಅವರ ಮುಖವನ್ನೂ ನೋಡಿಕೊಂಡೆವು. ಇಷ್ಟು ದಿನ ಅವರನ್ನು ಎಂಥ ಕಷ್ಟಕ್ಕೆ ಒಡ್ಡಿದ್ದೆ ಎಂದು ನನಗೆ ಅರ್ಥವಾಗಬೇಕಿತ್ತು. ಅರ್ಥವಾಗಲಿಲ್ಲ, ಜಯಮ್ಮನ ಮೇಲೆ ಸಿಟ್ಟು ಮಾತ್ರ ಬಂತು.

ಕೊನೆಗೆ, ಇವರ ನಿಧಾನದ ಗುಟ್ಟೇನೆಂದು ನೋಡಿಯೇ ಬಿಡೋಣ ಎಂದು ಒಂದು ಮಧ್ಯಾಹ್ನ ಕೋಣನಕುಂಟೆಗೆ ಹೋದೆ. ಸಾಲುಮನೆಗಳ ನಡುವಿನ ಅಂಗಳದಲ್ಲಿ ಸಂಪಿಗೆ ಮರದ ನೆರಳು, ನೆರಳಲ್ಲಿ ಚಾಪೆ, ಚಾಪೆಯ ಮೇಲೆ ಬಾಡಿಗೆಮನೆಗಳ ಹೆಂಗಸರು, ನಡುವೆ ಗೋಡೆಗೊರಗಿ ಜಯಮ್ಮನ ಅತ್ತೆ. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಜಯಮ್ಮ ಗಟ್ಟಿಯಾಗಿ ಓದುತ್ತಿದ್ದರು. ಅಂದರೆ, ಒಂದು ಸಾಲು ಓದಿ ನಿಲ್ಲಿಸಿದ್ದರು. ದೊಡ್ಡಕ್ಕ ಬಸ್ಸು ಹತ್ತುವ ಮೊದಲು ಊಟ ಮಾಡಿದ್ದಳೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತ್ತು. ಪುಸ್ತಕದಲ್ಲಿ ಅದನ್ನು ಬರೆದಿಲ್ಲ ಎಂದು ಜಯಮ್ಮ ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಬೆಳಿಗ್ಗೆ ಜಗಳವಾಯಿತು, ಅಂದಮೇಲೆ ತಿಂಡಿ ತಿಂದಿರಲಾರಳು, ಒಲೆ ಹಚ್ಚಿದ ಮಾತೇ ಬಂದಿಲ್ಲ ಎಂದು ಒಬ್ಬಳು ವಾದಿಸಿದಳು. ದಾರಿಯಲ್ಲಿ ಬನ್ನಾದರೂ ತಿಂದಿರುತ್ತಾಳೆ ಎಂದು ಇನ್ನೊಬ್ಬಳು. ಅದು ಇತ್ಯರ್ಥವಾಗುವವರೆಗೆ ಬಸ್ಸು ಕದಲುವಂತಿರಲಿಲ್ಲ.

"ಏನ್ ಮಾಡಾದು ಹೇಳಿ ಸುಮಿತ್ರಕ್ಕ," ಎಂದರು ಜಯಮ್ಮ. "ನಮ್ಮತ್ತೆ ಒಂದ್ ಪುಟ ದಾಟಕ್ಕೆ ಬಿಡಲ್ಲ. ನನ್ ಗಂಟ್ಲು ಬೇರೆ ಕಟ್ಟೋಯ್ತದೆ."

ನನಗೆ ದಾರಿ ಕಂಡಿತು. ನಾನೇ ಓದುತ್ತೇನೆ ಎಂದೆ. ಶಾಲೆಯಲ್ಲಿ ಪ್ರತಿ ಆಗಸ್ಟ್ ಹದಿನೈದಕ್ಕೂ ಮೈಕಿನ ಮುಂದೆ ನಿಲ್ಲಿಸುತ್ತಿದ್ದುದು ನನ್ನನ್ನೇ. ನನ್ನ ಕಂಠಕ್ಕೆ ಒಂದು ಕಳೆಯಿದೆ, ಇದನ್ನು ನಾನಲ್ಲದೆ ಬೇರೆಯವರೂ ಹೇಳಿದ್ದಾರೆ. ಪ್ರಶ್ನೆ ಏಳುವುದಕ್ಕೆ ಸಂದು ಕೊಡದೆ ಒಂದೇ ಓಟದಲ್ಲಿ ಓದಿಬಿಟ್ಟರೆ ಹೆಚ್ಚು ಮಧ್ಯಾಹ್ನಗಳೇನೂ ಬೇಕಾಗುವುದಿಲ್ಲ. ಗಡಿ ಬಿಡುಗಡೆ, ಭಾನುವಾರ ಬಾಯಿ ಬಿಡುಗಡೆ. ಅಷ್ಟೇ ಅಲ್ಲ, ಬಳಗವನ್ನು ಪಾರುಮಾಡಿದವಳೆಂಬ ಕೀರ್ತಿ ನನ್ನದು. ಪುಸ್ತಕ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಮೊದಲ ಎರಡು ಮಧ್ಯಾಹ್ನ ಅದ್ಭುತವಾಗಿ ನಡೆಯಿತು. ಪಾತ್ರಕ್ಕೊಂದು ದನಿ ಕೊಟ್ಟೆ. ಹೆಂಗಸರು ಕೈಯಲ್ಲಿದ್ದ ಅವರೆಕಾಯಿ ಸುಲಿಯುವುದನ್ನು ಮರೆತರು.

ಮೂರನೆಯ ಮಧ್ಯಾಹ್ನ ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

"ನೀನು ಇದನ್ನ ಮೊದ್ಲೇ ಓದ್ಬುಟ್ಟಿದ್ದೀಯ, ಅಲ್ವಾ ತಾಯಿ?"

ಹೌದು, ಅದರಲ್ಲೇನು ಎಂದೆ.

"ದೊಡ್ಡಕ್ಕನ ಹೆಸ್ರು ಬಂದಾಗೆಲ್ಲ ನಿನ್ ದನಿ ಇಳೀತದೆ. ಮಿಕ್ಕೋರಿಗೆ ಇಳಿಯಲ್ಲ. ಅವ್ಳು ತಿರ್ಗ ಬರಾಕಿಲ್ಲ ಬುಡು."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ತುಟಿಯನ್ನಂತೂ ಬಿಚ್ಚಲೇ ಇಲ್ಲ. ಹುಬ್ಬು ಹಾರಿಸುವುದನ್ನೂ ನಿಷೇಧಿಸಿದ್ದ ಲೀಲಾ ಮೇಡಂ ಕಾನೂನಿನಲ್ಲಿ ದನಿ ಇಳಿಸುವುದರ ಬಗ್ಗೆ ಏನೂ ಇರಲಿಲ್ಲ. ಕೊಂದವನ ಹೆಸರು ಹೇಳಿದ ಶ್ರೀಕಂಠ ಸಾರ್ ಅವರನ್ನು ಆಡಿಕೊಂಡು ನಕ್ಕಿದ್ದ ನಾನು, ಒಂದಕ್ಷರವೂ ಹೇಳದೆ ಇಡೀ ಕಥೆಯನ್ನು ಬಿಟ್ಟುಕೊಟ್ಟಿದ್ದೆ. ಇನ್ನು ಇವರು ಎದ್ದು ಹೋಗುತ್ತಾರೆ, ಇವರ ಓದು ನನ್ನಿಂದ ಕೆಟ್ಟಿತು ಎಂದುಕೊಂಡೆ. ಯಾರೂ ಏಳಲಿಲ್ಲ. ಚಾಪೆಯ ಮೇಲಿದ್ದವರು ಇನ್ನಷ್ಟು ಹತ್ತಿರ ಜರುಗಿದರು. ಬರುವುದಿಲ್ಲ ಎಂದಮೇಲೆ ಯಾಕೆ ಬರುವುದಿಲ್ಲ ಎಂಬುದು ಈಗಿಂದೀಗ ತಿಳಿಯಬೇಕಿತ್ತು. ಅವತ್ತಿನಿಂದ ಊಟದ ಪ್ರಶ್ನೆ ಏಳಲಿಲ್ಲ, ಪುಟಗಳು ಓಡಿದವು. ಆ ವಾರ ಮುಗಿಯುವ ಮೊದಲೇ ಕಥೆ ಮುಗಿದು ಅಂಗಳವೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿತ್ತು. ಅಜ್ಜಿ ಮಾತ್ರ, ಮೊದಲೇ ಹೇಳಿರಲಿಲ್ಲವೇ ಎನ್ನುವ ಹಾಗೆ ಕೂತಿದ್ದರು.

ಶನಿವಾರ ಗಡಿ ತೆರವಾಯಿತೆಂದು ಮೇಡಂ ಘೋಷಿಸಿದರು. ಜಯಮ್ಮ ನನ್ನ ಹೆಸರು ಹೇಳಿ ಎಲ್ಲರಿಗೂ ತಿಳಿಯುವಂತೆ ಬರೆದರು, ಚಪ್ಪಾಳೆಯ ಚಿತ್ರಗಳು ಸುರಿದವು. ಭಾನುವಾರ ಶ್ರೀಕಂಠ ಸಾರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮೊದಲ ಮಾತು ಅವರಿಗೇ ಬಿಟ್ಟುಕೊಟ್ಟೆವು, ಅಷ್ಟು ದಿನ ಕಾದವರಲ್ಲವೇ. ಅವರು ಎದ್ದು ನಿಂತು, ಪೆಟ್ಟಿಗೆಯಲ್ಲಿದ್ದ ಒಡವೆಗಳು ಯಾವುದರ ಸಂಕೇತವೆಂದು ವಿವರಿಸತೊಡಗಿದರು. ಪೆಟ್ಟಿಗೆಯಲ್ಲಿ ಒಡವೆ ಇರಲಿಲ್ಲ. ಇಷ್ಟು ಹೇಳಿದರೆ ಕಾನೂನು ಮುರಿದಂತಾಗುವುದಿಲ್ಲ ಎಂದುಕೊಂಡಿದ್ದೇನೆ. ಆಮೇಲೆ ಕಿರಿಯವಳು ಮುಂಬಯಿಗೆ ಹೋದದ್ದನ್ನು ಹೊಗಳಿದರು. ಕಾದಂಬರಿಯಲ್ಲಿ ಮುಂಬಯಿಯೇ ಇಲ್ಲ. ಪಾಪ, ಕಾದು ಕಾದು ನಡುವೆ ಇನ್ನೂ ಹಲವು ಕಾದಂಬರಿಗಳನ್ನು ನುಂಗಿದ್ದರು, ಎಲ್ಲ ಒಂದರೊಳಗೊಂದು ಬೆರೆತುಹೋಗಿದ್ದವು. ಅವರು ಮೆಲ್ಲಗೆ ಕೂತರು. ನನಗೆ ನಿಜವಾಗಿಯೂ ಕೆಡುಕೆನ್ನಿಸಿತು. ಮುಂದಿನ ಎರಡು ಗಂಟೆ ಮಾತಾಡಿದ್ದು ಜಯಮ್ಮ ಮತ್ತು ನಾನು, ಸೀರೆಯ ಬಣ್ಣದ ಸಮೇತ.

ಹೊಸ ಕಾದಂಬರಿ ಗೊತ್ತಾದ ದಿನವೇ ಕೋಣನಕುಂಟೆಯಿಂದ ಬುಲಾವು ಬಂತು. ಓದುವುದಕ್ಕೆ ನಾನೇ ಬೇಕಂತೆ. ಆದರೆ ಅಜ್ಜಿಯದೊಂದು ಕರಾರು: ಈ ಸಲ ಮನೆಯಲ್ಲಿ ಒಂದು ಪುಟವೂ ಮುಂದೆ ಓದಿಕೊಂಡು ಬರಕೂಡದು, ನನ್ನ ದನಿಗೆ ಸುಳ್ಳು ಹೇಳುವುದು ಬರುವುದಿಲ್ಲವಂತೆ. ಇದನ್ನು ಬಿರುದೆಂದು ತಿಳಿದು ಒಪ್ಪಿಕೊಂಡೆ. ಹೀಗಾಗಿ ಈಗ ಶನಿವಾರದ ಗಡಿಯ ಮುಂದೆ ಮತ್ತೆ ನನ್ನ ಹೆಸರು ಬರುತ್ತದೆ, ಜಯಮ್ಮನ ಜೊತೆ. ನುಗ್ಗೇಕಾಯಿ ಸಮನಾಗಿ ಹಂಚಿಹೋಗುತ್ತವೆ.

ಮೊನ್ನೆ ಮಧ್ಯಾಹ್ನ ಬಸ್ಸು ಬರಲಿಲ್ಲ. ಸ್ಕೂಟರಿನಲ್ಲಿ ಬಿಟ್ಟು ಬನ್ನಿ, ಅಲ್ಲಿ ನನಗಾಗಿ ಇಡೀ ಅಂಗಳ ಕಾಯುತ್ತಿದೆ ಎಂದು ಯಜಮಾನರನ್ನು ಎಬ್ಬಿಸಿದೆ. ಮಲಗಿದ್ದವರು ಎದ್ದು ಸ್ಕೂಟರ್ ತೆಗೆದರು. ಸಾರಕ್ಕಿ ದಾಟಿದ ಮೇಲೆ ಹೇಳಿದರು.

"ಅವ್ರು ಕಾಯ್ತಿರೋದು ನಿಂಗಲ್ಲ ಕಣೆ, ಕಥೆಗೆ."

ಇರಬಹುದು, ಆದರೆ ಆ ಕಥೆ ಇರುವುದು ನನ್ನ ಬ್ಯಾಗಿನಲ್ಲಿ ಎಂದು ಉತ್ತರ ಕೊಟ್ಟೆ. ಒಳ್ಳೆಯ ಉತ್ತರವೆಂದು ದಾರಿಯುದ್ದಕ್ಕೂ ಖುಷಿಯಲ್ಲಿದ್ದೆ. ಸಂಪಿಗೆ ಮರದ ಕೆಳಗೆ ಎಲ್ಲರೂ ಕೂತಿದ್ದರು. ನನ್ನ ಜಾಗದಲ್ಲಿ ಕೂತು ಬ್ಯಾಗಿಗೆ ಕೈಹಾಕಿದರೆ ಕನ್ನಡಕ ಸಿಕ್ಕಿತು, ನೀರಿನ ಬಾಟಲಿ ಸಿಕ್ಕಿತು. ಪುಸ್ತಕ ಮನೆಯಲ್ಲಿ ಊಟದ ಮೇಜಿನ ಮೇಲಿತ್ತು. ಜಯಮ್ಮನ ಪುಸ್ತಕ ಅವರ ತಂಗಿಯ ಮನೆಗೆ ಹೋಗಿತ್ತು. ಯಜಮಾನರು ಅದನ್ನು ತರಲು ಸ್ಕೂಟರ್ ತಿರುಗಿಸಿದರು. ಈಗ ಇವರೆಲ್ಲ ಸೆರಗು ಕೊಡವಿಕೊಂಡು ಎದ್ದು ತಮ್ಮ ತಮ್ಮ ಮನೆಗೆ ಹೋಗುತ್ತಾರೆ, ಯಜಮಾನರು ಹೇಳಿದ್ದು ನಿಜವಾಗುತ್ತದೆ ಎಂದು ಚಾಪೆಯ ಅಂಚನ್ನೇ ನೋಡುತ್ತಾ ಕೂತೆ.

"ಪುಸ್ತಕ ಇಲ್ದಿದ್ರೆ ಓಗ್ಲಿ," ಎಂದರು ಅಜ್ಜಿ. "ಕಥೇಲಿ ಆ ಸೊಸೆ ಮಾಡಿದ್ದು ಸರೀನಾ? ನೀ ಏನಂತೀ, ಅದ್ ಹೇಳು."

ನಾನು ಏನಂತೀನಿ ಎಂದು ಹೇಳಿದೆ. ಅದಕ್ಕೆ ಒಬ್ಬಳು ಅಡ್ಡ ಹೇಳಿದಳು, ಅವಳಿಗೆ ಜಯಮ್ಮ ಅಡ್ಡ ಹೇಳಿದರು, ಮಾತು ಕಾವೇರಿತು, ಕಾಫಿ ಬಂತು. ಒಬ್ಬರೂ ಎದ್ದು ಹೋಗಲಿಲ್ಲ. ಯಾವುದೋ ಮಾತಿನ ನಡುವೆ ತಲೆಯೆತ್ತಿದರೆ ಗೇಟಿನ ಹತ್ತಿರ ನಮ್ಮ ಯಜಮಾನರು, ಕೈಯಲ್ಲಿ ಪುಸ್ತಕ, ಹಣೆಯಲ್ಲಿ ಬೆವರು. ಹೆಂಗಸರ ನಡುವೆ ಬರಲು ಸಂಕೋಚ, ಕೂಗಿ ಕರೆಯಲೂ ಸಂಕೋಚ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅಜ್ಜಿಗೆ ಹೆಜ್ಜೆಯ ಸದ್ದು ಕೇಳಿತೇನೋ, ಆ ಕಡೆ ತಿರುಗಿ, ವಸಿ ತಾಳಪ್ಪ, ಆಯಮ್ಮನ ಮಾತು ಮುಗೀಲಿ ಎಂದರು. ಯಜಮಾನರು ತಾಳಿದರು. ನಾನು ಅವರನ್ನು ಚೆನ್ನಾಗಿಯೇ ನೋಡಿದೆ. ನೋಡಿ, ನೋಡದವಳ ಹಾಗೆ ತಿರುಗಿ, ಮುಗಿಯಲು ಬಂದಿದ್ದ ಮಾತನ್ನು ಇನ್ನಷ್ಟು ಬೆಳೆಸಿದೆ.